ಮಡಿ ತಂತಿಯ ಬಾಣಂತಿ

ನಮ್ಮ ಹಿತ್ತಲಿನ ಮಡಿ ತಂತಿಯನ್ನು ಈ 22 ವರ್ಷಗಳಲ್ಲಿ ನಾನು ಒಮ್ಮೆಯೂ ಮುಟ್ಟಿಲ್ಲ. ಅತ್ತೆ ಕೋಲಿನಿಂದ ಅದರ ಮೇಲೆ ಸೀರೆ ಹರವುವಾಗ ನನ್ನ ನೆರಳು ಬಿದ್ದರೂ ತಿರುಗಿ ನೋಡುತ್ತಾರೆ. ಅದರ ನಟ್ಟನಡುವೆಯೇ ಬೇಸಿಗೆಯಲ್ಲಿ ಸೂರಕ್ಕಿಯೊಂದು ಗೂಡು ಕಟ್ಟಿತು.

ಕಟ್ಟಿದ್ದೆಲ್ಲ ಹೆಣ್ಣೇ. ಗಂಡು ನುಗ್ಗೆ ಮರದಲ್ಲಿ ಕುಳಿತು ಕೂಗುತ್ತಿತ್ತು; ಯಾವ ಮನೆಯಲ್ಲಿ ತಾನೇ ಇಲ್ಲ ಇದು! ಜೇಡರ ಬಲೆ, ನಾರು, ಒಣಗಿದ ಎಲೆಯ ಚೂರು, ಕಂಬಳಿಹುಳದ ಹಿಕ್ಕೆ. ನಾನು ದಿನಾ ಗುಡಿಸಿ ಎಸೆಯುವ ಕಸದಲ್ಲೇ ಗೇಣುದ್ದದ ಚೀಲ, ಅದಕ್ಕೆ ಪಕ್ಕದಲ್ಲೊಂದು ಬಾಗಿಲು, ಬಾಗಿಲಿಗೆ ಸೂರು ಬೇರೆ. ಮಧ್ಯಾಹ್ನದ ಹೊತ್ತಿಗೆ ಆ ಸೂರಿನಡಿಯಿಂದ ಬಾಗಿದ ಕೊಕ್ಕಷ್ಟೇ ಕಾಣುತ್ತಿತ್ತು.

ಅದನ್ನು ಬಿಚ್ಚಿ ಕರಿಬೇವಿನ ಗಿಡಕ್ಕೆ ಕಟ್ಟೋಣವೆಂದು ನನ್ನವರು ಕತ್ತರಿ ತಂದರು. ಯಾವುದಕ್ಕೂ ಮೊದಲು ಕತ್ತರಿ ತರುವವರು ಅವರು. ಜಾಗ ಬದಲಾದರೆ ತಾಯಿ ಮೊಟ್ಟೆ ಬಿಟ್ಟು ಹೋದೀತು ಎಂದು ನಾನು ಹೇಳುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಮುಟ್ಟಬೇಡವೋ, ಬಾಣಂತಿ ಅದು!”

ಇರುವೆ ಹತ್ತದಿರಲೆಂದು ತಂತಿಯ ಎರಡೂ ತುದಿಗೆ ಎಣ್ಣೆ ಅರಿಸಿನ ಮೆತ್ತಿದವರು ಅವರೇ. ಸೀರೆ ಒಣಗಿಸಲು ಜಾಗವಿಲ್ಲದೆ ತಿಂಗಳಿಡೀ ಪಟ್ಟೆಮಡಿ ಉಟ್ಟು, ಮೇ ತಿಂಗಳ ಸೆಕೆಯಲ್ಲಿ ಬೆವರು ಸುರಿಸುತ್ತ ಒಲೆಯ ಮುಂದೆ ನಿಂತರು.

ಬಾಣಂತಿ ಅದು. ಪಾತ್ರೆ ತೊಳೆಯುವಾಗಲೂ ಈ ಮಾತು ಬಿಡಲಿಲ್ಲ. ನನ್ನ ಎರಡನೆಯ ಹೆರಿಗೆಯ ಹೊತ್ತಿಗೆ ಅಮ್ಮ ಇರಲಿಲ್ಲ; ಬಾಣಂತನ ಇಲ್ಲೇ ಆಯಿತು. ಪುರುಡು ಕಳೆಯುವವರೆಗೆ ಹಿಂದಿನ ಕೋಣೆ. ಅತ್ತೆ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದರು. ಅದೇ ಕೋಲು. ಸ್ಟೀಲಿನ ತಟ್ಟೆ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುವ ಸದ್ದು ಈಗಲೂ ಕೇಳಿಸುತ್ತದೆ. ಹನ್ನೊಂದು ದಿನ ಕಳೆದ ಮೇಲೆ ಅವರೇ ಎಣ್ಣೆ ತಿಕ್ಕಿ ನೀರು ಹಾಕಿದರು, ಮಗುವಿಗಾಗಿ ರಾತ್ರಿಯಿಡೀ ಎದ್ದರು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಆದರೂ ತಟ್ಟೆಯ ಸದ್ದು ಇದೆ.

ಈ ವಾರ ತಡೆಯಲಾಗದೆ ಕೇಳಿಯೇಬಿಟ್ಟೆ: “ಅತ್ತೆ, ಅದಕ್ಕೆ ಪುರುಡು ಇಲ್ಲವೇ?”

ಅವರು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಕೈ ನಿಂತಿತು.

“ಅದಕ್ಕೆ ಹೇಳುವವರು ಯಾರಿದ್ದಾರೆ?” ಎಂದರು.

ಹಕ್ಕಿಗೆ ಶಾಸ್ತ್ರ ಹೇಳುವವರು ಯಾರು ಎಂದೋ, ಅಥವಾ ತಮಗೆ ಹೇಳುವವರು ಬಹಳ ಜನ ಇದ್ದರು ಎಂದೋ? ಹದಿನಾರಕ್ಕೆ ಈ ಮನೆಗೆ ಬಂದವರು ಅವರು. ಆಗ ಆ ಹಿಂದಿನ ಕೋಣೆಗೆ ಕಿಟಕಿಯೂ ಇರಲಿಲ್ಲವಂತೆ. ಅವರ ತಟ್ಟೆಯನ್ನು ಯಾರು ತಳ್ಳುತ್ತಿದ್ದರೋ, ನಾನು ಕೇಳಿಲ್ಲ.

ಗುರುವಾರ ಮರಿಗಳು ಹಾರಿದವು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸ್ಟೂಲಿನ ಮೇಲೆ ನಿಂತು, ಖಾಲಿ ಗೂಡನ್ನು ಹಾಗೆಯೇ ಬಿಟ್ಟು, ಅದರ ಆಚೆ ಈಚೆ ತಂತಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಬಿದ್ದಾರೆಂದು ಸ್ಟೂಲು ಹಿಡಿಯಲು ಹೋದೆ.

“ಸ್ವಲ್ಪ ಆಚೆ ನಿಲ್ಲು,” ಎಂದರು.