ಗೇಟ್ ದಾಟಿದ್ರೆ ಫಾರಿನ್

ಮೊನ್ನೆ ಮಂಗಳೂರಿನ ಕ್ಲೈಂಟ್ ಆಫೀಸಿಂದ ಒಬ್ಬ ಹುಡುಗ ಫೋನ್ ಮಾಡಿದ್ದ, "ಅಣ್ಣ, ಬೈಕಂಪಾಡಿಯಿಂದ ಎಸ್‌ಇಝಡ್ ಒಳಗೆ ಖಾಲಿ ಡ್ರಮ್ ಕಳಿಸ್ಬೇಕು, ಇಲ್ಲೇ ಪಕ್ಕದಲ್ಲಿರೋದಲ್ವಾ, ಬಿಲ್ಲಲ್ಲಿ ಯಾಕೆ ಐಜಿಎಸ್‌ಟಿ ಕಾಲಮ್ಮು?" ಅಂತ. ಒಳ್ಳೆ ಪ್ರಶ್ನೆ. ಎಸ್‌ಇಝಡ್ ಅಂದ್ರೆ ವಿಶೇಷ ಆರ್ಥಿಕ ವಲಯ, ಐಜಿಎಸ್‌ಟಿ ಅಂದ್ರೆ ಹೊರರಾಜ್ಯಕ್ಕೆ ಹೋಗೋ ಮಾಲಿಗೆ ಹಾಕೋ ಜಿಎಸ್‌ಟಿ. ಎಸ್‌ಇಝಡ್‌ಗೆ ಹೋಗೋ ಮಾಲು ಒಂದೇ ಊರೊಳಗೆ ಹೋದ್ರೂ ಹೊರರಾಜ್ಯದ ಸಪ್ಲೈ ಅಂತ್ಲೇ ಲೆಕ್ಕ, ಅದೂ ಝೀರೋ ರೇಟೆಡ್, ಅಂದ್ರೆ ರಫ್ತಿನ ಹಾಗೆ ಟ್ಯಾಕ್ಸ್ ಸೊನ್ನೆ, ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಹಾಕಿದ್ರೆ ಟ್ಯಾಕ್ಸ್ ಕಟ್ಬೇಕಾಗಿಲ್ಲ. 2005ರ ಕಾಯ್ದೆ ಪ್ರಕಾರ ಆ ಕಾಂಪೌಂಡ್ ಒಳಗಿನ ಜಾಗ ಕಸ್ಟಮ್ಸ್ ಲೆಕ್ಕಕ್ಕೆ ದೇಶದ ಹೊರಗಿದ್ದ ಹಾಗೆ. ಒಳಗೆ ತಯಾರಾದ್ದನ್ನ ವಾಪಸ್ ನಮ್ಮೂರಿಗೇ ಮಾರ್ಬೇಕಂದ್ರೆ ಇಂಪೋರ್ಟ್ ಮಾಲಿನ ಥರಾನೇ ಡ್ಯೂಟಿ ಕಟ್ಬೇಕು.

ಇಷ್ಟೆಲ್ಲಾ ಮಾಡಿದ್ದು ಹೊರಗಿನ ಬಂಡವಾಳ ಬರ್ಲಿ, ರಫ್ತು ಹೆಚ್ಲಿ ಅಂತ. ಹಾಗಾದ್ರೆ ಬರೋರು ಯಾಕೆ ಬರ್ತಾರೆ? ಕೇಳಿದ್ರೆ ಎಲ್ರೂ ಟ್ಯಾಕ್ಸ್ ಹಾಲಿಡೇ ಅಂತಾರೆ. ಮೊದಲ 5 ವರ್ಷ ರಫ್ತಿನ ಲಾಭಕ್ಕೆ ಪೂರ್ತಿ ವಿನಾಯಿತಿ, ಆಮೇಲೆ 5 ವರ್ಷ ಅರ್ಧ. ಆದ್ರೆ 2011ರ ಬಜೆಟ್‌ನಲ್ಲೇ ಮ್ಯಾಟ್, ಅಂದ್ರೆ ವಿನಾಯಿತಿ ಇದ್ರೂ ಕಂಪನಿ ಕಟ್ಟಲೇಬೇಕಾದ ಕನಿಷ್ಠ ತೆರಿಗೆ ಹಾಕಿದ್ರು, 2020ರ ನಂತರ ಶುರುವಾದ ಯೂನಿಟ್‌ಗಳಿಗೆ ಆ ವಿನಾಯಿತಿಯೇ ಇಲ್ಲ. ಕೊಟ್ಟು ಮಧ್ಯದಲ್ಲಿ ಬದಲಾಯಿಸೋದನ್ನ ನಂಬ್ಕೊಂಡು ಯಾರು ತಾನೇ ಇಪ್ಪತ್ತು ವರ್ಷದ ಫ್ಯಾಕ್ಟರಿ ಕಟ್ತಾರೆ ಹೇಳಿ.

ನನಗೆ ಬೇರೆ ಉದಾಹರಣೆ ಕಾಣ್ಸುತ್ತೆ. ಮಂಗಳೂರು ಎಸ್‌ಇಝಡ್‌ನಲ್ಲಿ ಅಮೆರಿಕದ ಕಾರ್ಡೋಲೈಟ್ ಕಂಪನಿ ಇದೆ, ಅವ್ರ ಕಚ್ಚಾ ಮಾಲು ಗೇರುಬೀಜದ ಸಿಪ್ಪೆ ಎಣ್ಣೆ! ಚಿಕ್ಕವರಿದ್ದಾಗ ಗುಡ್ಡೇಲಿ ಹಸಿ ಗೇರುಬೀಜ ಸುಡೋವಾಗ ಚಿಮ್ಮಿ ಕೈ ಸುಟ್ಟು ಚರ್ಮ ಎದ್ದು ಬರ್ತಿತ್ತಲ್ಲ, ಅದೇ ಎಣ್ಣೆ. ಅದ್ರಿಂದ ಹಡಗಿನ ಪೇಂಟಿಗೆ ಬೇಕಾದ ಕೆಮಿಕಲ್ಲು, ಗಾಡಿ ಬ್ರೇಕಿಗೆ ಹಾಕೋ ಪುಡಿ ಎಲ್ಲಾ ಮಾಡ್ತಾರೆ. ಇದೇ ಕಂಪನಿಯ ಪ್ಲಾಂಟ್ ಚೀನಾದ ಝುಹಾಯ್‌ನಲ್ಲೂ ಇದೆ, ಆ ಊರು 1980ರಲ್ಲಿ ಚೀನಾ ಶುರು ಮಾಡಿದ ಮೊದಲ ನಾಲ್ಕು ವಲಯಗಳಲ್ಲಿ ಒಂದು. ಝುಹಾಯ್ ಇದ್ರೂ ಇಲ್ಲಿಗೂ ಬಂದಿದ್ದು ಬರೀ ಟ್ಯಾಕ್ಸಿಗೆ ಅಂತ ನಾನು ಒಪ್ಪಲ್ಲ. ಇಲ್ಲಿ ಸುತ್ತ ಗೇರುಬೀಜದ ಫ್ಯಾಕ್ಟರಿಗಳಿವೆ, ಸಿಪ್ಪೆ ಇದೆ, ಪಣಂಬೂರಲ್ಲಿ ಬಂದರಿದೆ.

ಚೀನಾದ ಶೆನ್‌ಝೆನ್ ವಲಯದ ಥರ ಮಾಡ್ತೀವಿ ಅನ್ನೋರು ಒಂದು ನೆನಪಿಟ್ಕೋಬೇಕು, ಅದು ಶುರುವಾದಾಗ್ಲೇ 300 ಚದರ ಕಿಲೋಮೀಟರ್‌ಗಿಂತ ದೊಡ್ಡದು, ಮಗ್ಗುಲಲ್ಲೇ ಹಾಂಗ್‌ಕಾಂಗ್, ಮೊದಮೊದಲು ದುಡ್ಡು ಬಂದಿದ್ದೂ ಹೆಚ್ಚಾಗಿ ಅಲ್ಲಿಂದಾನೇ. ನಮ್ಮ ಮಂಗಳೂರು ಎಸ್‌ಇಝಡ್‌ದು ಮೊದಲ ಹಂತ ಸುಮಾರು 1,800 ಎಕರೆ, ಅಂದ್ರೆ ಏಳು ಚದರ ಕಿಲೋಮೀಟರ್ ಚಿಲ್ಲರೆ.

ಮತ್ತೆ ಆ 1,800 ಎಕರೆ ಖಾಲಿ ಜಾಗ ಆಗಿರ್ಲಿಲ್ಲ. ಪೆರ್ಮುದೆ, ಕಳವಾರು ಕಡೆ ಗದ್ದೆ, ತೋಟ, ದೈವಸ್ಥಾನ, ತಲೆಮಾರಿಂದ ಇದ್ದ ಕುಡುಬಿ ಸಮುದಾಯದವರ ಮನೆಗಳು, ಎಲ್ಲಾ ಇತ್ತು. ಎರಡನೇ ಹಂತಕ್ಕೆ ನೋಟಿಫೈ ಮಾಡಿದ್ದ 2,000 ಎಕರೆಗೂ ಹೆಚ್ಚು ಜಾಗಾನ ಹೋರಾಟ ಆದ್ಮೇಲೆ 2011ರಲ್ಲಿ ಕೈಬಿಟ್ರು, ಕೈಬಿಟ್ಟಿದ್ದು ಸರಿ ಅಂತ ನಾನು ಇವತ್ತೂ ಹೇಳ್ತೀನಿ, ಕೊಟ್ಟ ಜಾಗಾನೇ ಮೊದ್ಲು ಚೆನ್ನಾಗಿ ಬಳಸ್ಲಿ.

ಇನ್ನೊಂದು ಮಾತು. ನಮ್ಮ ಗೇರು ಫ್ಯಾಕ್ಟರಿಗಳಿಗೆ ಇಲ್ಲಿನ ಬೀಜ ಸಾಕಾಗಲ್ಲ, ಆಫ್ರಿಕಾದಿಂದ ಹಡಗಲ್ಲಿ ಬರುತ್ತೆ. ಅಲ್ಲಿಯವ್ರು ನಾಳೆ ತಮ್ಮೂರಲ್ಲೇ ಒಡೆದು ಬರೀ ತಿರುಳು ಕಳಿಸೋಕೆ ಶುರು ಮಾಡಿದ್ರೆ ಸಿಪ್ಪೆ ಎಲ್ಲಿಂದ ಬರುತ್ತೆ, ಎಣ್ಣೆ ಎಲ್ಲಿಂದ ಬರುತ್ತೆ? ಗೇರು ಸಂಶೋಧನಾ ಕೇಂದ್ರ ನಮ್ಮ ಪುತ್ತೂರಲ್ಲೇ ಇದೆ. ಇನ್ವೆಸ್ಟರ್‌ಗಳನ್ನ ಕರೆಯೋಕೆ ವಿದೇಶಕ್ಕೆ ಹೋಗೋ ಅಧಿಕಾರಿಗಳು ದಯವಿಟ್ಟು ಅದಕ್ಕೂ ಮುಂಚೆ ಒಂದಿನ ಪುತ್ತೂರಿಗೆ ಹೋಗಿ, ಗೇರು ಬೆಳೆಯೋರ ಹತ್ರ ಕೂತು ಮಾತಾಡ್ಲಿ.