ಒಂದೊಂದೇ ಕಾಲಂ ನೋಡಿದರೆ

ಇವತ್ತು ಮಹಾಲನೋಬಿಸ್ ದೂರದ ಲೆಕ್ಕ ಮಾಡುತ್ತಾ ಕೂತಿದ್ದೆ. ಡೇಟಾದ ಒಂದು ಸಾಲು ಉಳಿದ ಗುಂಪಿನಿಂದ ಎಷ್ಟು ಬೇರೆಯಾಗಿದೆ ಅಂತ ಅಳೆಯುವ ಸೂತ್ರ ಅದು. ಗ್ರಾಹಕರ ಡೇಟಾದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು.

ಈ ಗ್ರಾಹಕರು ಪದೇ ಪದೇ ಬರುತ್ತಾರೆ. ಅಂಥವರು ಬೇಕಾದಷ್ಟಿದ್ದಾರೆ. ಒಟ್ಟು ಖರ್ಚು ಕಡಿಮೆ. ಅಂಥವರೂ ಇದ್ದಾರೆ. ಒಂದೊಂದೇ ಕಾಲಂ ನೋಡಿದರೆ ಏನೂ ವಿಶೇಷವಿಲ್ಲ. ಆದರೆ ಈ ಡೇಟಾದಲ್ಲಿ ಜಾಸ್ತಿ ಸಲ ಬರುವವರು ಜಾಸ್ತಿ ಖರ್ಚು ಮಾಡುವವರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಇವರು ಗುಂಪಿನಿಂದ ಎಷ್ಟು ದೂರ!

ಮಾಮೂಲಿ ದೂರಕ್ಕೆ ಇದು ಕಾಣುವುದಿಲ್ಲ. ಮಹಾಲನೋಬಿಸ್ ದೂರದ ಒಳಗೆ, ಕಾಲಂಗಳು ಒಟ್ಟಿಗೆ ಹೇಗೆ ಬದಲಾಗುತ್ತವೆ ಅಂತ ತೋರಿಸುವ ಕೋಷ್ಟಕದ, ಅಂದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಇದೆಯಲ್ವಾ, ಅದರಿಂದಾಗಿ ಯಾವುದರ ಜೊತೆ ಯಾವುದು ಏರುತ್ತದೆ, ಇಳಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಖರ್ಚನ್ನು ಸಾವಿರಗಳಲ್ಲಿ ಬರೆದರೂ ಲಕ್ಷಗಳಲ್ಲಿ ಬರೆದರೂ ಉತ್ತರ ಅದೇ. ಎಷ್ಟು ಚೆಂದ ಅನಿಸಿತು.

ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಇದನ್ನು ಪ್ರಕಟಿಸಿದ್ದು 1936ರಲ್ಲಿ. ಅವರನ್ನು ಈ ದಾರಿಗೆ ತಂದದ್ದು ವ್ಯಾಪಾರದ ಅಂಕಿಗಳಲ್ಲ, ಮನುಷ್ಯರ ದೇಹದ ಅಳತೆಗಳು.

ಜನರನ್ನೂ ನಾವು ಹೀಗೇ ಒಂದೊಂದೇ ಕಾಲಂನಲ್ಲಿ ನೋಡುತ್ತೇವೇನೋ. ವಯಸ್ಸು, ಕೆಲಸ, ಸಂಬಳ. ಎಲ್ಲ ಮಾಮೂಲಿ ಅಂತ ಮುಂದೆ ಹೋಗಿಬಿಡುತ್ತೇವೆ.

ಇಂಥ ಸಾಲು ಸಿಕ್ಕರೆ ಸುಮ್ನೆ ತೆಗೆದುಹಾಕುವವರೇ ಹೆಚ್ಚು. ನನಗೆ ಮನಸ್ಸು ಬರಲಿಲ್ಲ. ದೂರ ಎಷ್ಟು ಅಂತ ಸೂತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದು ಟೈಪಿಂಗ್ ತಪ್ಪೋ, ನಿಜವಾಗಿಯೂ ಬೇರೆ ಥರದ ಗ್ರಾಹಕರೋ? ಡೇಟಾ ಕೆಲಸ ಮಾಡುವ ಗೆಳೆಯರೇ, ನೀವು ಮೊದಲು ಏನು ನೋಡುತ್ತೀರಿ?