ಕಂಬ ಹತ್ತದ ಲೈನ್‌ಮನ್

ಮಗ ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಮನ್ ಆದ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಅಲ್ವೇ, ಕೆಇಬಿ ಕೆಲಸ ಮಾಡಿಸೋಕೆ ಮಗೂನ ಅಮೆರಿಕಕ್ಕೆ ಕರ್ಕೊಂಡು ಹೋದ್ಯಾ?"

ಕೆಇಬಿ ಹೋಗಿ ಬೆಸ್ಕಾಂ ಬಂದು ಎಷ್ಟೋ ವರ್ಷ ಆಯಿತು. ಅಕ್ಕನಿಗೆ ಇನ್ನೂ ಕೆಇಬಿಯೇ. ಲೈನ್‌ಮನ್ ಅಂದರೆ ಏಣಿ, ಕಂಬ, ಸೊಂಟದಲ್ಲಿ ಕಟಿಂಗ್ ಪ್ಲೇಯರ್. ಇಲ್ಲಿಯ ಫುಟ್‌ಬಾಲ್ ಬೇರೆ, ಇಲ್ಲಿಯ ಲೈನ್‌ಮನ್ ಬೇರೆ ಅಂತ ವಿವರಿಸಲು ಹೋದೆ. ಚೆಂಡು ಎಸೆಯುವವನ ಮುಂದೆ ಐದು ಜನ ದಪ್ಪನೆಯವರು ಗೋಡೆ ಹಾಗೆ ನಿಲ್ಲುತ್ತಾರೆ, ಎದುರಿನವರು ಅವನ ಮೇಲೆ ಬೀಳದ ಹಾಗೆ ತಡೆಯುತ್ತಾರೆ. ನಡುವಿನವನೊಬ್ಬ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಉಳಿದ ನಾಲ್ವರು ಚೆಂಡು ಮುಟ್ಟುವುದೇ ಅಪರೂಪ. "ಹಾಗಾದ್ರೆ ಆಡೋದೇನು?" ಎಂದಳು. ನಿಜ ಹೇಳಬೇಕೆಂದರೆ ಮೊದಲ ಎರಡು ವರ್ಷ ನನಗೂ ಅದೇ ಅನುಮಾನ ಇತ್ತು.

ನಾವು ಕಾನ್ಸಸ್ ಸಿಟಿಯ ಪಕ್ಕಕ್ಕೆ ಬಂದದ್ದು 2018ರಲ್ಲಿ. ಆ ವರ್ಷವೇ ಪ್ಯಾಟ್ರಿಕ್ ಮಹೋಮ್ಸ್ ಇಲ್ಲಿಯ ಚೀಫ್ಸ್ ತಂಡದ ಖಾಯಂ ಕ್ವಾರ್ಟರ್‌ಬ್ಯಾಕ್, ಅಂದರೆ ಆ ಚೆಂಡು ಎಸೆಯುವವರು, ಆದರು. ಊರಿಗೆ ಊರೇ ಕೆಂಪು ಬಟ್ಟೆ. ಚೆಂಡು ಎಲ್ಲಿ ಹೋಯಿತು ಅಂತ ನೋಡುವುದರಲ್ಲೇ ನನಗೆ ಸಾಕುಸಾಕಾಗುತ್ತಿತ್ತು. ಈಗ ಹಾಗಲ್ಲ. ಈಗ ನಾನು ಮೊದಲು ಓದುವುದು ಯಾರೂ ಓದದ ಎರಡು ಸಾಲಿನ ಸುದ್ದಿ. ಮೂವತ್ತು ದಾಟಿದ ಯಾವನೋ ಲೈನ್‌ಮನ್, ಒಂದು ವರ್ಷದ ಒಪ್ಪಂದ, ಅದರ ಕೆಳಗೆ ಯಾರಾದರೊಬ್ಬ ಪಂಡಿತರ ಷರಾ: "ಲೋ ರಿಸ್ಕ್ ಡೆಪ್ತ್". ಅಂದರೆ ಹೋದರೆ ಜಾಸ್ತಿ ಏನೂ ಹೋಗಲ್ಲ, ಬೆಂಚಿನಲ್ಲಿ ಒಬ್ಬ ಇರಲಿ ಅಂತ.

ನಾನು ಮಾಡುವುದು ಪೇರೋಲ್ ಕೆಲಸ. ಹಾಗಾಗಿ ಇಂಥ ಒಪ್ಪಂದ ಕಂಡರೆ ಕೈ ತಾನಾಗಿ ಕ್ಯಾಲ್ಕ್ಯುಲೇಟರ್ ಕಡೆ ಹೋಗುತ್ತದೆ. ಚೀಫ್ಸ್ ಆಡುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕನಿಷ್ಠ ಸಂಬಳ ಸರ್ವೀಸ್ ನೋಡಿ ಏರುತ್ತದೆ. 2025ರಲ್ಲಿ ಹೊಸಬನಿಗೆ 8,40,000 ಡಾಲರ್, ಏಳು ವರ್ಷ ದಾಟಿದವನಿಗೆ 12,55,000. ಇಷ್ಟೇ ಆಗಿದ್ದರೆ ಹಳಬರನ್ನು ಯಾರು ಕರೆಯುತ್ತಿದ್ದರು? ಒಬ್ಬನ ದುಡ್ಡಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಹುಡುಗ ಬರುತ್ತಾನೆ. ಅದಕ್ಕೇ ಒಂದು ವಿನಾಯಿತಿ ಇಟ್ಟಿದ್ದಾರೆ. ನಾಲ್ಕು ವರ್ಷವಾದರೂ ಆಡಿದವನು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಒಪ್ಪಂದ ಮಾಡಿಕೊಂಡರೆ, ಅವನ ಕೈಗೆ ಬರುವುದು ಪೂರ್ತಿ ದುಡ್ಡು. ತಂಡದ ಸಂಬಳ ಮಿತಿಯ ಲೆಕ್ಕಕ್ಕೆ ಹಿಡಿಯುವುದು ಮಾತ್ರ ಎರಡು ವರ್ಷ ಆಡಿದವನ ಸಂಬಳದಷ್ಟು, ಅಂದರೆ 10,30,000. ಆ ವರ್ಷ ತಂಡದ ಒಟ್ಟು ಮಿತಿ 27.92 ಕೋಟಿ ಡಾಲರ್. ನೂರು ಡಾಲರಿಗೆ ನಲವತ್ತು ಸೆಂಟ್ ಕೂಡ ಬೀಳುವುದಿಲ್ಲ. ಈ ನಿಯಮ ಬರೆದವರು ಯಾರೋ ನಮ್ಮ ಜಾತಿಯವರೇ, ಪೇರೋಲ್ ಜಾತಿಯವರು.

ಇನ್ನೊಂದು ನಿಯಮ ಇದೆ, ಅದನ್ನು ಕಂಡರೆ ನನಗೆ ಅಷ್ಟು ಪ್ರೀತಿ ಇಲ್ಲ. ನಾಲ್ಕು ವರ್ಷ ಆಡಿದ ಹಳಬ ಸೀಸನ್ನಿನ ಮೊದಲ ಪಂದ್ಯದ ದಿನ ತಂಡದ ಪಟ್ಟಿಯಲ್ಲಿದ್ದರೆ, ಆಮೇಲೆ ತೆಗೆದುಹಾಕಿದರೂ ಆ ವರ್ಷದ ಸಂಬಳ ಕೇಳುವ ಹಕ್ಕು ಅವನಿಗೆ ಸಿಗುತ್ತದೆ. ಹಾಗಾಗಿ ಕೆಲವು ತಂಡಗಳು ಮೊದಲ ಪಂದ್ಯ ಮುಗಿಯುವವರೆಗೆ ಸುಮ್ಮನಿದ್ದು, ಮಾರನೆಯ ದಿನವೋ ಅದರ ಮಾರನೆಯ ದಿನವೋ ಸೇರಿಸಿಕೊಳ್ಳುತ್ತವೆ. ದಿನಗೂಲಿಯವರಿಗೆ ಖಾಯಂ ಆಗುವ ಹೊತ್ತಿಗೆ ಸರಿಯಾಗಿ ಬ್ರೇಕ್ ಕೊಡುತ್ತಾರಲ್ಲ, ಅದೇ ಬುದ್ಧಿ.

ಹಾಗಾದರೆ ದುಡ್ಡಿನ ರಿಸ್ಕ್ ಏನೂ ಇಲ್ಲ. ರಿಸ್ಕ್ ಇರುವುದು ಕುರ್ಚಿಯಲ್ಲಿ. ತಂಡದಲ್ಲಿ 53 ಜನ. ಪಂದ್ಯದ ದಿನ ಆಡಲು ಸಜ್ಜಾಗಿ ನಿಲ್ಲಬಹುದಾದವರು 47, ಆದರೆ ಅದರಲ್ಲಿ ಎಂಟು ಜನ ಲೈನ್‌ಮನ್‌ಗಳಿದ್ದರೆ 48. 2020ರಲ್ಲಿ ಈ ಸೌಕರ್ಯ ಬಂತು. ಎಂಟರಲ್ಲಿ ಐದು ಜನ ಆಡುತ್ತಾರೆ, ಮೂರು ಜನ ಕೂರುತ್ತಾರೆ. ಮೂರು ಜನ, ಐದು ಜಾಗ. ಬೆಂಚಿನವನಿಗೆ ಒಂದೇ ಜಾಗ ಗೊತ್ತಿದ್ದರೆ ಅವನು ಇದ್ದೂ ಇಲ್ಲದ ಹಾಗೆ.

ಐದೂ ಜಾಗ ಒಂದೇ ಅಲ್ವಾ, ತಳ್ಳುವುದು ತಾನೇ ಅಂತ ಒಮ್ಮೆ ಅಂದುಬಿಟ್ಟೆ. ಮಗನಿಗೆ ಸಿಟ್ಟು ಬಂತು. ಅಡುಗೆಮನೆಯಲ್ಲೇ ನಿಲ್ಲಿಸಿದ. ಬಲಗಾಲು ಒಂದು ಹೆಜ್ಜೆ ಹಿಂದೆ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ. "ಈಗ ಬಲಗಾಲಲ್ಲಿ ಹಿಂದಕ್ಕೆ ಜಾರು ಅಮ್ಮ, ಎಡಗಾಲು ಅದರ ಹಿಂದೆ ಬರಲಿ, ಪಾದ ಎತ್ತಬೇಡ." ಹೇಗೋ ಜಾರಿದೆ. "ಈಗ ಎಡಗಡೆ." ಕಾಲು ಅದಲುಬದಲಾಗಿ ಫ್ರಿಜ್ಜಿಗೆ ಡಿಕ್ಕಿ ಹೊಡೆದೆ. ಆಗ ನೆನಪಾದದ್ದು ಇಲ್ಲಿಗೆ ಬಂದ ಹೊಸದರಲ್ಲಿ ಕಾರು ಓಡಿಸಿದ್ದು. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಆಡುತ್ತಿತ್ತು. ಚುರುಗುಟ್ಟುವ ಬಿಸಿಲಲ್ಲಿ ವೈಪರ್ ಆಡಿಸಿಕೊಂಡು ತಿರುಗುವ ಹೆಂಗಸು. ರಸ್ತೆ ನಿಯಮ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಐವರಲ್ಲಿ ನಡುವಿನವನು ಸೆಂಟರ್, ಅವನ ಎರಡು ಪಕ್ಕದವರು ಗಾರ್ಡ್, ಎರಡು ತುದಿಯವರು ಟ್ಯಾಕಲ್. ಎಡ ಟ್ಯಾಕಲ್ ಆಡುವವನನ್ನು ಬಲಕ್ಕೆ ಹಾಕಿದರೆ ಆಗುವುದು ಇದೇ. ವ್ಯತ್ಯಾಸ ಏನೆಂದರೆ ಎದುರಿಗೆ ನೂರಿಪ್ಪತ್ತು ಕಿಲೋದ ಮನುಷ್ಯ ಓಡಿ ಬರುತ್ತಿರುತ್ತಾನೆ.

ಎರಡೂ ಕಡೆ ಆಡಬಲ್ಲವನನ್ನು ಸ್ವಿಂಗ್ ಟ್ಯಾಕಲ್ ಅನ್ನುತ್ತಾರೆ. ನಾನು ಸ್ಟೆಪ್ನಿ ಅನ್ನುತ್ತೇನೆ. ಮಗನಿಗೆ ಆ ಪದವೇ ಗೊತ್ತಿರಲಿಲ್ಲ, ಈಗ ಅವನ ತಂಡದಲ್ಲಿ ಮೂರು ಜನ ಬಳಸುತ್ತಾರಂತೆ.

ಇದನ್ನೆಲ್ಲ ಹುಡುಗರಿಗೆ ಕಲಿಸಬಾರದೇ? ಕಲಿಸಬಹುದು, ಸಮಯ ಇಲ್ಲ. ಸೀಸನ್ ನಡೆಯುವಾಗ ಪ್ಯಾಡ್ ಕಟ್ಟಿ ಮಾಡುವ ಪ್ರಾಕ್ಟೀಸಿಗೆ 14 ಸಲ ಮಾತ್ರ ಅವಕಾಶ. ಪ್ಯಾಡ್ ಇಲ್ಲದೆ ತಳ್ಳಾಟ ಕಲಿಯುವುದು ನೀರಿಲ್ಲದ ಈಜು. ಅದಕ್ಕೇ ಆಗಲೇ ಕಲಿತು, ಪೆಟ್ಟು ತಿಂದು, ಸ್ವಲ್ಪ ಸವೆದವನಿಗೂ ಬೇಡಿಕೆ.

ನನಗೆ ಈ ರುಚಿ ಹತ್ತಿಸಿದವರು ಸ್ಟೆಫನ್ ವಿಸ್ನೀವ್ಸ್ಕಿ. ಅವರು 2018ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ಎಡ ಗಾರ್ಡ್ ಆಗಿದ್ದವರು. ಮರುವರ್ಷ ಅದೇ ತಂಡ ಅವರನ್ನು ಬಿಟ್ಟಿತು. 2019ರ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗಿ ತಿಂಗಳಾದ ಮೇಲೆ, ಚೀಫ್ಸ್ ಕರೆಯಿತು. ನಮ್ಮ ಮನೆಯಲ್ಲಿ ಯಾರೂ ಆ ಸುದ್ದಿ ಓದಲಿಲ್ಲ. ಪ್ಲೇಆಫ್, ಅಂದರೆ ನಾಕ್‌ಔಟ್ ಪಂದ್ಯಗಳ, ಹೊತ್ತಿಗೆ ಎಡ ಗಾರ್ಡ್ ಜಾಗದಲ್ಲಿ ಅವರೇ ನಿಂತಿದ್ದರು. 2020ರ ಫೆಬ್ರುವರಿ 2ರಂದು ಮಯಾಮಿಯಲ್ಲಿ ಫಾರ್ಟಿನೈನರ್ಸ್ ಎದುರು ಸೂಪರ್ ಬೌಲ್. ಕೊನೆಯ ಕ್ವಾರ್ಟರ್, ನಾವು 10-20 ಹಿಂದೆ, ಚೆಂಡು ಮುಂದೊಯ್ಯಲು ಸಿಗುವ ನಾಲ್ಕು ಯತ್ನದಲ್ಲಿ ಮೂರನೆಯದು, ಇನ್ನೂ 15 ಗಜ ಬೇಕು. ಮಹೋಮ್ಸ್ ಹಿಂದೆ ಹಿಂದೆ ಸರಿದು ಟೈರೀಕ್ ಹಿಲ್‌ಗೆ 44 ಗಜದ ಪಾಸ್ ಎಸೆದರು. ಅದು ಓಟಗಾರ ದೂರ ಹೋಗುವವರೆಗೆ ಕಾಯಬೇಕಾದ ಆಟ. ಆ ಎರಡು ಮೂರು ಸೆಕೆಂಡು ಜಾಸ್ತಿ ಯಾರೋ ಹಿಡಿದುಕೊಳ್ಳಬೇಕಿತ್ತು, ಹಿಡಿದುಕೊಂಡರು. 31-20. ಊರೆಲ್ಲ ಹಿಲ್ ಹೆಸರು ಕೂಗಿತು, ನಾನೂ ಕೂಗಿದೆ.

ಮುಂದಿನ ವರ್ಷದ್ದು ಹೇಳದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ. 2020, ಕೋವಿಡ್ ವರ್ಷ. ಬಲ ಗಾರ್ಡ್ ಲೋರಾಂ ಡುವೆರ್ನೇ ಟಾರ್ಡಿಫ್ ಓದಿನಿಂದ ಡಾಕ್ಟರ್. ಆಟ ಬಿಟ್ಟು ಕ್ವೆಬೆಕ್‌ನಲ್ಲಿ ವೃದ್ಧರ ಆರೈಕೆಗೆ ಹೋದರು. ವಿಸ್ನೀವ್ಸ್ಕಿ ಆಗಲೇ ಪಿಟ್ಸ್‌ಬರ್ಗ್ ಸೇರಿದ್ದರು. ಹಳಬರಾದ ಕೆಲೆಚಿ ಒಸೆಮೆಲೆ ಒಂದು ವರ್ಷದ ಒಪ್ಪಂದದಲ್ಲಿ ಬಂದರು, ಐದನೆಯ ಪಂದ್ಯದಲ್ಲಿ ಎರಡೂ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಎರಡೂ! ಲೋ ರಿಸ್ಕ್ ಅನ್ನುವಾಗ ಯಾರ ರಿಸ್ಕ್ ಎಂದು ಯಾರೂ ಹೇಳುವುದಿಲ್ಲ. ಪೇರೋಲಿನ ಶೀಟಿನಲ್ಲಿ ಮೊಣಕಾಲಿಗೆ ಕಾಲಂ ಇರುವುದಿಲ್ಲ. ಮರು ವಾರ ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಸ್ ಬೆನ್ನು ನೋವಿನಿಂದ ಹೋದರು. ಜನವರಿಯಲ್ಲಿ, ಸೂಪರ್ ಬೌಲ್‌ಗೆ ಮುಂಚಿನ ಪಂದ್ಯದಲ್ಲಿ, ಎಡ ಟ್ಯಾಕಲ್ ಎರಿಕ್ ಫಿಶರ್ ಅವರ ಹಿಮ್ಮಡಿಯ ಸ್ನಾಯುರಜ್ಜು ತುಂಡಾಯಿತು.

ಉಳಿದವರು ಯಾರು? ಮೈಕ್ ರೆಮರ್ಸ್. ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2012ರಲ್ಲಿ, ಏಳು ಸುತ್ತಿನಲ್ಲೂ ಯಾರೂ ಹೆಸರು ಕರೆಯದ ಹುಡುಗ, ತಂಡದಿಂದ ತಂಡಕ್ಕೆ ಅಲೆದವರು. ಆ ವರ್ಷ ಅವರೂ ಒಂದು ವರ್ಷದ ಡೆಪ್ತ್ ಆಗಿಯೇ ಬಂದಿದ್ದರು. ಬಲಗಡೆ ತುಂಬಿ ಆಡುತ್ತಿದ್ದವರನ್ನು ಈಗ ಎಡ ತುದಿಗೆ ಹಾಕಿದರು. ಗಾರ್ಡ್ ಆಂಡ್ರೂ ವೈಲಿ ಬಲ ತುದಿಗೆ. ಪಿಟ್ಸ್‌ಬರ್ಗ್ ಬಿಟ್ಟ ಮೇಲೆ ವಾಪಸ್ ಬಂದಿದ್ದ ವಿಸ್ನೀವ್ಸ್ಕಿ ಬಲ ಗಾರ್ಡ್‌ಗೆ. ಸೀಸನ್ನಿನ ಮೊದಲ ಪಂದ್ಯದಲ್ಲಿ ನಿಂತ ಜಾಗದಲ್ಲೇ ಸೂಪರ್ ಬೌಲ್‌ನಲ್ಲೂ ನಿಂತವರು ಸೆಂಟರ್ ಆಸ್ಟಿನ್ ರೈಟರ್ ಒಬ್ಬರೇ.

2021ರ ಫೆಬ್ರುವರಿ 7. ಹೊರಗೆ ಹಿಮ, ಯಾರ ಮನೆಗೂ ಯಾರೂ ಹೋಗುವ ಹಾಗಿಲ್ಲ, ನಾವು ಮೂವರೇ ಸೋಫಾದಲ್ಲಿ. ಮಗನಿಗೆ ಹನ್ನೊಂದು ವರ್ಷ. ಮಹೋಮ್ಸ್ ಮೇಲೆ 29 ಸಲ ಒತ್ತಡ ಬಿತ್ತು, ಸೂಪರ್ ಬೌಲ್‌ನಲ್ಲಿ ಅದು ದಾಖಲೆ. ಪಂದ್ಯದುದ್ದಕ್ಕೂ ಅವರು ಓಡುತ್ತಲೇ ಇದ್ದರು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ. ಒಮ್ಮೆಯಂತೂ ನೆಲಕ್ಕೆ ಅಡ್ಡಡ್ಡ ಬೀಳುತ್ತಾ, ಗಾಳಿಯಲ್ಲೇ ಚೆಂಡು ಎಸೆದರು. ಅದು ನೇರ ಹೋಗಿ ನಮ್ಮವರ ಹೆಲ್ಮೆಟ್ಟಿಗೇ ಬಡಿದು ಕೆಳಗೆ ಬಿತ್ತು. ಟ್ಯಾಂಪಾ ಬೇ 31, ನಾವು 9. ಚೆಂಡನ್ನು ಕೊನೆಯ ಗೆರೆ ದಾಟಿಸುವ ಟಚ್‌ಡೌನ್ ಒಂದೂ ಇಲ್ಲ.

ಇವರು ಟಿವಿ ಆರಿಸಿ ಮಲಗಲು ಹೋದರು. ನಾನು ರೆಮರ್ಸ್ ಅವರನ್ನು ಬೈದೆ, ಜೋರಾಗಿಯೇ ಬೈದೆ. ಮಗ ಅಳು ತಡೆದುಕೊಂಡು, "ಅವ್ರದ್ದಲ್ಲ ಅಮ್ಮ ಆ ಜಾಗ" ಎಂದ. ಆ ರಾತ್ರಿ ಅವನಿಗೆ ಲೈನ್‌ಮನ್ ಆಗುವ ಹುಚ್ಚು ಹಿಡಿಯಿತು ಅಂತ ಕಾಣುತ್ತದೆ. ನನಗೆ ಬೆಂಚು ಎಣಿಸುವ ಹುಚ್ಚು ಹಿಡಿಯಿತು. ಸ್ಟೆಪ್ನಿ ಒಂದು ಇದ್ದರೆ ಸಾಕು ಅನ್ನುವುದು ಒಂದೇ ಚಕ್ರ ಪಂಚರ್ ಆಗುತ್ತದೆ ಅನ್ನುವ ನಂಬಿಕೆ ಮೇಲೆ.

ಆಮೇಲಿನ ಒಪ್ಪಂದಗಳೆಲ್ಲ ಫಲ ಕೊಟ್ಟವು ಅಂತ ಹೇಳಿದರೆ ಸುಳ್ಳಾಗುತ್ತದೆ. 2021ರಲ್ಲಿ ಕೈಲ್ ಲಾಂಗ್ ನಿವೃತ್ತಿಯಿಂದ ವಾಪಸ್ ಬಂದು ಚೀಫ್ಸ್ ಸೇರಿದರು. ನಾನು ಮನೆಯಲ್ಲಿ ಕುಣಿದಾಡಿದೆ. ಬೇಸಿಗೆಯ ಪ್ರಾಕ್ಟೀಸಿನಲ್ಲೇ ಕಾಲಿಗೆ ಪೆಟ್ಟು, ಒಂದು ಪಂದ್ಯವೂ ಆಡಲಿಲ್ಲ. ಅದೇ ವರ್ಷ ಡ್ರಾಫ್ಟ್‌ನ ಆರನೆಯ ಸುತ್ತಿನಲ್ಲಿ ತಂದ ಹುಡುಗ ಟ್ರೇ ಸ್ಮಿತ್ ಬಂದವನೇ ಬಲ ಗಾರ್ಡ್ ಜಾಗ ಹಿಡಿದು ಕೂತ. ನನ್ನ ಲೆಕ್ಕಾಚಾರಕ್ಕೆ ಬಿದ್ದ ಒಳ್ಳೆಯ ಪೆಟ್ಟು ಅದು. ಹಳಬನೇ ಇದ್ದಿದ್ದರೆ ಈ ಹುಡುಗ ವರ್ಷವಿಡೀ ಬೆಂಚಿನಲ್ಲಿ ಇರುತ್ತಿದ್ದನೇನೋ.

2024ರ ನವೆಂಬರ್‌ನಲ್ಲಿ ಡಿ. ಜೆ. ಹಂಫ್ರೀಸ್ ಬಂದರು. ಅರಿಜೋನಾದಲ್ಲಿ ಪ್ರೋ ಬೌಲ್ ಮಟ್ಟದ, ಅಂದರೆ ವರ್ಷದ ಶ್ರೇಷ್ಠರ ಸಾಲಿಗೆ ಸೇರಿದ, ಎಡ ಟ್ಯಾಕಲ್ ಆಗಿದ್ದವರು, 2023ರ ಕೊನೆಯ ದಿನ ಮೊಣಕಾಲು ಹೋಗಿತ್ತು. ಡಿಸೆಂಬರ್‌ನಲ್ಲಿ ಮೊದಲ ಪಂದ್ಯ, ಅದರಲ್ಲೇ ತೊಡೆಯ ಹಿಂದಿನ ಸ್ನಾಯು ಹಿಡಿಯಿತು. ಕೊನೆಗೆ ಗಾರ್ಡ್ ಜೋ ಥೂನಿ ಅವರನ್ನು ಎಡ ತುದಿಗೆ ಸರಿಸಿದರು, ಪ್ಲೇಆಫ್‌ನಲ್ಲೂ ಅಲ್ಲಿ ಅವರೇ. ಹಿಂದಿನ ಚಕ್ರ ಬಿಚ್ಚಿ ಮುಂದೆ ಹಾಕಿದ ಹಾಗೆ. 2025ರ ಫೆಬ್ರುವರಿಯಲ್ಲಿ ಈಗಲ್ಸ್ ಎದುರು 22-40, ಮಹೋಮ್ಸ್ ಆರು ಸಲ ನೆಲ ಕಂಡರು. ಹಂಫ್ರೀಸ್‌ಗೆ ಕೊಟ್ಟ ದುಡ್ಡು ದಂಡವಾಯಿತು ಅಂತ ಪಕ್ಕದ ಮನೆಯವರು ಹೇಳುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ದಂಡವಾದದ್ದು ನವೆಂಬರ್‌ವರೆಗೆ ಕಾದದ್ದು.

ನಮ್ಮ ಮನೆಯ ಲೈನ್‌ಮನ್ ಈ ವರ್ಷ ಬೆಂಚಿನಲ್ಲಿದ್ದಾನೆ. ಬಲ ಗಾರ್ಡ್‌ಗೆ ಎರಡನೆಯವನು. ಮೊದಲ ವಾರ ಮುಖ ಊದಿಸಿಕೊಂಡೇ ಓಡಾಡಿದ. ಕಳೆದ ಸೋಮವಾರ ಕೋಚ್ ಕರೆದು, ಸೆಂಟರ್ ಕೂಡ ಕಲಿತರೆ ಪ್ರತಿ ಶುಕ್ರವಾರ ನಿನಗೆ ಡ್ರೆಸ್ ಮಾಡಿ ನಿಲ್ಲುವ ಕೆಲಸ ಇರುತ್ತದೆ ಅಂದರಂತೆ. ಸೆಂಟರ್ ಅಂದರೆ ಬಗ್ಗಿ, ಕಾಲ ಸಂದಿಯಿಂದ ಚೆಂಡನ್ನು ಐದು ಗಜ ಹಿಂದಕ್ಕೆ ಎಸೆಯುವವನು. ಹಿಡಿಯಲು ಒಬ್ಬರು ಬೇಕಲ್ಲ. ಇವರಿಗೆ ಸೊಂಟ ನೋವು. ಹಾಗಾಗಿ ಸಂಜೆ ಆರಕ್ಕೆ ಹಿತ್ತಿಲಲ್ಲಿ ಕ್ವಾರ್ಟರ್‌ಬ್ಯಾಕ್ ನಾನೇ. ಮೊದಲ ದಿನ ಚೆಂಡು ಮೊಣಕಾಲ ಕೆಳಗಿನ ಎಲುಬಿಗೇ ಬಡಿಯಿತು, ಇನ್ನೂ ನೀಲಿಗಟ್ಟಿದೆ. ನಿನ್ನೆ ಹತ್ತರಲ್ಲಿ ಆರು ನೆಟ್ಟಗೆ ಎದೆಗೆ ಬಂದವು. ಏಳನೆಯದು ಬೇಲಿ ದಾಟಿ ಪಕ್ಕದ ಮನೆಯವರ ಹೂಕುಂಡಕ್ಕೆ ಹೋಯಿತು. "ಸಾರಿ ಅಮ್ಮ, ಇನ್ನೊಂದು" ಅಂದ. ನಾನು ಇನ್ನೆರಡು ಹೆಜ್ಜೆ ಹಿಂದೆ ಹೋಗಿ ನಿಂತೆ.